ಮುಂದೇನಾತ್ರಿ ಸರ್?

ಧಾರಾವಾಹಿ ಅಂದರೆ ಮಾಸ್ತರುಗಳು ಮೂಗು ಮುರಿಯಬೇಕು ಅನ್ನುವುದೊಂದು ವಾಡಿಕೆ. ಸ್ಟಾಫ್ ರೂಮಿನಲ್ಲಿ ನಾವೂ ಮುರಿಯುತ್ತೇವೆ. ಆದರೆ ರಾತ್ರಿ ಊಟದ ತಾಟು ಹಿಡಿದುಕೊಂಡು ಟಿವಿ ಮುಂದೆ ಕೂಡುವವರಲ್ಲಿ ನಾವೇ ಮೊದಲಿಗರು. ಇದನ್ನು ಬರೆಯುತ್ತಿರುವಾಗ ನಮ್ಮ ಮನೆಯವರು ಹಿಂದಿನಿಂದ ಇಣುಕಿ ನಕ್ಕು ಹೋದರು. ಇರಲಿ.

ಈ ಹುಚ್ಚು ಹತ್ತಿದ್ದು 1998ರಲ್ಲಿ. ಆಗ ವಿಜಾಪುರದಲ್ಲಿ ಟಿಸಿಎಚ್ ಓದುತ್ತಿದ್ದೆವು. ಟಿವಿ ಇದ್ದದ್ದು ಬಾಡಿಗೆ ಕೋಣೆಯ ಮಾಲಕರ ಮನೆಯಲ್ಲಿ. ದೂರದರ್ಶನದಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಕೂಡಿ ನಿರ್ದೇಶಿಸಿದ 'ಮಾಯಾಮೃಗ' ಬರುತ್ತಿತ್ತು. ಪಾಠಯೋಜನೆ ಬರೆಯುವುದನ್ನು ಅರ್ಧಕ್ಕೆ ಬಿಟ್ಟು ಐದಾರು ಜನ ಅವರ ಪಡಸಾಲೆಯ ಹೊಸ್ತಿಲ ಹತ್ತಿರ ಕೂಡುತ್ತಿದ್ದೆವು. ಅದರಲ್ಲಿ ಹೊಡೆದಾಟ ಇಲ್ಲ, ಸಿಡಿಲಿನ ಸಪ್ಪಳ ಇಲ್ಲ. ನಮ್ಮ ನಿಮ್ಮಂಥ ಮನೆಗಳು. ದುಡ್ಡಿನ ಚಿಂತೆ, ಮಗಳ ಮದುವೆ ಚಿಂತೆ, ಕೊಟ್ಟ ಮಾತಿನ ಚಿಂತೆ. ಯಾರೋ ಏನೋ ಹೇಳಲಿಕ್ಕೆ ಬಾಯಿ ತೆರೆದರೆ ಸಾಕು, ನಮ್ಮ ಉಸಿರು ನಿಲ್ಲುತ್ತಿತ್ತು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು ಅನ್ನುವುದನ್ನು ಮನೋವಿಜ್ಞಾನದ ಪುಸ್ತಕಕ್ಕಿಂತ ಚೆನ್ನಾಗಿ ಅಲ್ಲಿ ಕಲಿತೆವು!

ನೌಕರಿ ಸಿಕ್ಕಿದ್ದು ಗಡಿಯಾಚೆ, ಜತ್ತ ತಾಲೂಕಿನ ಜಿಲ್ಲಾ ಪರಿಷದ್ ಕನ್ನಡ ಶಾಲೆಯಲ್ಲಿ. ಛಾವಣಿಯ ಆಂಟೆನಾ ಹಿಡಿಯುತ್ತಿದ್ದದ್ದು ಮರಾಠಿ. ಕೇಬಲ್ ಬಂದ ಮೇಲೆಯೇ ಈಟಿವಿ ಕನ್ನಡ ಕಂಡದ್ದು, 'ಮುಕ್ತ' ಕಂಡದ್ದು. ವಕೀಲ ಸಿಎಸ್‌ಪಿ ಆಗಿ ಸೀತಾರಾಂ ಅವರು ಕೋರ್ಟಿನಲ್ಲಿ ವಾದ ಮಾಡಿದ ಮರುದಿನ ನಮ್ಮ ಶಾಲೆಯ ಬೇವಿನ ಕಟ್ಟೆಯೇ ಕೋರ್ಟು. ಗೋಲಿ ಕದ್ದವ ಆರೋಪಿ. ಮನೆಯಲ್ಲಿ "ಹೊಕ್ಕೀನಿ, ಬರ್ತೀನಿ" ಅನ್ನುವ ಹುಡುಗರು ಅಲ್ಲಿ ಬೆಂಗಳೂರು ಕನ್ನಡದಲ್ಲಿ "ಮಹಾಸ್ವಾಮಿ" ಅನ್ನುತ್ತಿದ್ದರು. ಪಠ್ಯಪುಸ್ತಕದ ಹೊರಗೆ ಅವರ ಕಿವಿಗೆ ಬೀಳುತ್ತಿದ್ದ ಬರವಣಿಗೆಯ ಕನ್ನಡ ಅಂದರೆ ಅದೇ.

'ಮುಕ್ತ'ದ ನಂತರ 'ಮುಕ್ತ ಮುಕ್ತ' ಬಂತು. ತಪ್ಪಿಸದೆ ನೋಡಿದೆವು, ಆದರೆ ಒಂದು ದೂರು ಇದೆ. ಮೊದಲನೆಯದರಲ್ಲಿ ಮಾತು ಕಥೆಯನ್ನು ಎಳೆಯುತ್ತಿತ್ತು. ಎರಡನೆಯದರಲ್ಲಿ ಎಷ್ಟೋ ಸಲ ಕಥೆ ನಿಂತು ಮಾತು ಕೇಳುತ್ತಿತ್ತು. 2022ರಲ್ಲಿ ಸಿರಿ ಕನ್ನಡದಲ್ಲಿ 'ಮತ್ತೆ ಮಾಯಾಮೃಗ' ಬಂದಾಗ ಆ ವಾಹಿನಿ ನಮ್ಮೂರ ಕೇಬಲ್ಲಿನಲ್ಲಿ ಇರಲಿಲ್ಲ. ವಿಜಾಪುರದ ತಂಗಿಯ ಮನೆಗೆ ಹೋದಾಗಷ್ಟೇ ನೋಡಿದ್ದು. ಹಳೆಯ ಕಲಾವಿದರಲ್ಲಿ ಹಲವರು ತಲೆ ಬೆಳ್ಳಗಾಗಿ ತಿರುಗಿ ಬಂದಿದ್ದರು. ಆ ಮುಖಗಳನ್ನು ನೋಡುವುದೇ ಒಂದು ಕಥೆ. ಹೊಸ ಹುಡುಗರ ಭಾಗ ಬಂದಾಗ ಮಾತ್ರ ನಾವು ಚಹಾ ಕೇಳುತ್ತಿದ್ದೆವು. ಪಕ್ಕದಲ್ಲಿದ್ದ ತಂಗಿಯ ಮಗಳಿಗೆ ಎಲ್ಲಾ ಉಲ್ಟಾ, ಮುದುಕರು ಬಂದರೆ ಆಕೆ ಮೊಬೈಲು ತೆಗೆಯುತ್ತಿದ್ದಳು. ಮುಂದಿನ ಭಾಗ ಮಾಡುವವರ ಕಷ್ಟ ಆ ಸೋಫಾದ ಮೇಲೆಯೇ ಕಂಡಿತು.

ಆದರೆ ನಮ್ಮನ್ನು ಬಿಡದೆ ಕಾಡುವುದು ಮುಂದಿನ ಭಾಗವೇ ಇಲ್ಲದ ಧಾರಾವಾಹಿ. 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ 'ಮಗಳು ಜಾನಕಿ' ಶುರುವಾಯಿತು. ಐಪಿಎಸ್ ಆಗುವ ಹುಡುಗಿಯ ಕಥೆ. ನಮ್ಮ ಹೆಣ್ಣುಮಕ್ಕಳಿಗೆ ಜಾನಕಿ ಅಂದರೆ ಪ್ರಾಣ. 2020ರ ಫೆಬ್ರವರಿಯಲ್ಲಿ ಏಳನೆಯ ಇಯತ್ತೆಯವರಿಗೆ "ಮುಂದೇನಾಗುತ್ತದೆ, ನೀವೇ ಬರೆಯಿರಿ" ಎಂದು ಪ್ರಬಂಧ ಕೊಟ್ಟೆವು. ಮುಕ್ಕಾಲು ಪಾಲು ಮಕ್ಕಳು ಜಾನಕಿಯನ್ನು ಜತ್ತಕ್ಕೇ ವರ್ಗ ಮಾಡಿಸಿಬಿಟ್ಟರು! ಆಕೆ ಕರ್ನಾಟಕದ ಅಧಿಕಾರಿ ಅಂದರೆ ಕೇಳುವವರು ಯಾರು? ಒಬ್ಬಳು ಮಾತ್ರ ಹೀಗೆ ಬರೆದಿದ್ದಳು: ಒಂದು ಹಳ್ಳಿಯಲ್ಲಿ ಹಂದರ ಹಾಕಿದ್ದಾರೆ, ಸಾಲಿ ಕಲಿಯುವ ಹುಡುಗಿಗೆ ಅರಿಶಿಣ ಹಚ್ಚಿದ್ದಾರೆ, ಆಗ ಜಾನಕಿಯ ಜೀಪು ಬರುತ್ತದೆ. ನಾವು ಮಹಾಪ್ರಾಣದ ತಪ್ಪುಗಳಿಗೆ ಕೆಂಪು ಗೆರೆ ಹಾಕಿ, "ಚೆನ್ನಾಗಿದೆ" ಎಂದು ಬರೆದು, ಹತ್ತಕ್ಕೆ ಏಳು ಕೊಟ್ಟೆವು.

ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಲಾಕ್‌ಡೌನಿನಲ್ಲಿ ಧಾರಾವಾಹಿಯೂ ನಿಂತಿತು, ಕಥೆ ಮುಗಿಯಲೇ ಇಲ್ಲ. ಶಾಲೆ ತಿರುಗಿ ತೆರೆದಾಗ ಆ ಹುಡುಗಿ ಬರಲಿಲ್ಲ. ಕಬ್ಬು ಕಡಿಯಲಿಕ್ಕೆ ಹೋದವರ ಜೊತೆ ಹೋಗಿರಬೇಕು ಅಂದುಕೊಂಡೆವು. ಮದುವೆಯಾದ ಸುದ್ದಿ ಬಂದಾಗ ಮೂರು ತಿಂಗಳು ಕಳೆದಿತ್ತು. ಆಮೇಲೆ ಆ ಪ್ರಬಂಧದ ವಹಿಯನ್ನು ಕಪಾಟಿನಿಂದ ಹುಡುಕಿ ತೆಗೆದೆವು. ಎರಡು ಸಲ ಓದಿದೆವು. ಯಾವ ಮಗುವಾದರೂ ಕಥೆಯಲ್ಲಿ ಅರಿಶಿಣದ ಬಟ್ಟಲಿನ ಜಾಗವನ್ನು ಅಷ್ಟು ನಿಖರವಾಗಿ ಸುಮ್ಮನೆ ಬರೆಯುತ್ತದೆಯೇ?

ಎರಡು ವರ್ಷದ ಮೇಲೆ ಜತ್ತ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕೊರಳಲ್ಲಿ ತಾಳಿ, ಕೈಯಲ್ಲಿ ಸಂತೆಯ ಚೀಲ, ಪಕ್ಕದಲ್ಲಿ ಅತ್ತೆ. "ಅರಾಮದೀರಿ ಸರ್?" ಎಂದು ಕಾಲು ಮುಟ್ಟಿದಳು. ನಮಗೆ ಏನು ಕೇಳಬೇಕೋ ತಿಳಿಯಲಿಲ್ಲ. ಆಕೆಯೇ ಕೇಳಿದಳು, "ಸರ್, ಜಾನಕೀದು ಮುಂದೇನಾತ್ರಿ? ನಮ್ಮನ್ಯಾಗ ಕನ್ನಡ ಚಾನೆಲ್ ಬರಂಗಿಲ್ರಿ."

"ಅದು ಅರ್ಧಕ್ಕೇ ನಿಂತ್ತವ್ವಾ" ಎಂದೆವು.

"ಹೌದ್ರಿ? ನಾ ಒಬ್ಬಾಕೀನ ನೋಡ್ಲಿಲ್ಲೇನೋ ಅನ್ಕೊಂಡಿದ್ನಿ" ಎಂದಳು. ಅಷ್ಟರಲ್ಲಿ ಅವರ ಬಸ್ಸು ಬಂತು.