ಹೇಮಾವತಿಯ ಜಾಲಂಧ್ರಗಳು

ಮಡಕಶಿರಾ ಕಡೆಯವರಿಗೆ ಹೇಮಾವತಿ ಅಂದರೆ ಸಿದ್ಧೇಶ್ವರಸ್ವಾಮಿ. ಅಲ್ಲಿ ಲಿಂಗವಲ್ಲ, ಕುಳಿತ ಶಿವನ ಮೂರ್ತಿಗೇ ಪೂಜೆ. ಸರಿ, ಕೈಮುಗಿಯಿರಿ. ಆದರೆ ಕಾಯಿ ಒಡೆಸಿ ಹಾಗೇ ಬಸ್ಸು ಹತ್ತಬೇಡಿ, ದೊಡ್ಡೇಶ್ವರನ ಗುಡಿಯ ಜಾಲಂಧ್ರಗಳನ್ನು, ಅಂದರೆ ಕಲ್ಲಿನ ಜಾಲರಿ ಕಿಟಕಿಗಳನ್ನು, ನೋಡಿಯೇ ಹೊರಡಿ. ಕಲ್ಲಿನ ಚಪ್ಪಡಿಯ ಮೇಲೆ ಬಳ್ಳಿ ಸುರುಳಿ ಸುರುಳಿಯಾಗಿ ಹಬ್ಬಿದೆ, ನಡುನಡುವೆ ದೇವತೆಗಳು, ಅವರ ಸುತ್ತ ಕಲ್ಲನ್ನೇ ಕೊರೆದು ಬೆಳಕಿಗೆ ದಾರಿ ಬಿಟ್ಟಿದ್ದಾರೆ. ಕೊರೆಯುವಾಗ ಒಂದು ಏಟು ಜಾಸ್ತಿ ಬಿದ್ದಿದ್ದರೆ ಇಡೀ ಚಪ್ಪಡಿಯೇ ಹಾಳು!

ಇದು 9-10ನೇ ಶತಮಾನದ ಮಾತು. ಊರು ಆಗ ಹೆಂಜೇರು, ನೊಳಂಬ ಅರಸರ ರಾಜಧಾನಿ. ಆಮೇಲೆ ಫ್ರಾನ್ಸಿನ ಹಳ್ಳಿಗಳಲ್ಲಿ ಕಲ್ಲು ಕಮಾನಿನ ಚರ್ಚುಗಳು ಎದ್ದವಲ್ಲ, ಅಲ್ಲಿ ಮೇಲಿನ ಭಾರಕ್ಕೆ ಹೆದರಿ ದಪ್ಪ ಗೋಡೆಯಲ್ಲಿ ಸಣ್ಣ ಕಿಂಡಿಯಷ್ಟೇ ಬಿಡುತ್ತಿದ್ದರು. ನಮ್ಮವರು ಕಂಬ ತೊಲೆಗಳಿಗೆ ಭಾರ ಹೊರಿಸಿ, ಕಿಟಕಿಯಲ್ಲಿ ಕೈಚಳಕ ತೋರಿಸಿದರು.

ನೊಳಂಬರನ್ನು ಗೆದ್ದ ಚೋಳರ ಕಣ್ಣಿಗೂ ಈ ಕೈಚಳಕ ಬಿತ್ತು. ನೊಳಂಬರ ಕಂಬಗಳನ್ನು ತಂಜಾವೂರಿನ ಹತ್ತಿರದ ತಿರುವೈಯಾರಿಗೆ ಸಾಗಿಸಿದರು. ಹೊನ್ನು ಒಯ್ಯುವುದು ಯುದ್ಧದಲ್ಲಿ ಇದ್ದದ್ದೇ. ಅಷ್ಟು ದೂರ ಕಲ್ಲುಕಂಬ ಹೊರುವುದೆಂದರೆ? ಅಲ್ಲಿನ ದೇವಾಲಯದಲ್ಲಿ ಅವು ಇವತ್ತೂ ನಿಂತಿವೆ. ಹೇಮಾವತಿಯ ಇನ್ನಷ್ಟು ಶಿಲ್ಪಗಳು ಚೆನ್ನೈ ಮ್ಯೂಸಿಯಂನಲ್ಲಿವೆ.