ಕಿವಿ ಸಿಕ್ಕಿದರೆ ಆರು ವರ್ಷ

ಎಪ್ಪತ್ತರ ದಶಕದಲ್ಲಿ ತಿ. ನರಸೀಪುರದ ಸುತ್ತಲಿನ ನಮ್ಮ ಹಳ್ಳಿಗಳಲ್ಲಿ ಮಗು ಶಾಲೆಗೆ ಸೇರುವಷ್ಟು ಬೆಳೆದಿದೆಯೇ ಎಂದು ತಿಳಿಯಲು ಇದ್ದದ್ದು ಒಂದೇ ಪರೀಕ್ಷೆ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಬೆರಳಿಗೆ ಕಿವಿ ಸಿಕ್ಕಿದರೆ ಮೇಷ್ಟ್ರು ಹೆಸರು ಬರೆದುಕೊಳ್ಳುತ್ತಿದ್ದರು. ಸಿಗದಿದ್ದರೆ ‘ಮುಂದಿನ ವರ್ಷ ಕರ್ಕೊಂಡು ಬನ್ನಿ’. ಹುಟ್ಟಿದ ದಿನ ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ ಜೂನ್ 1 ಎಂದು ಬರೆಯುತ್ತಿದ್ದರು. ಆ ಪರೀಕ್ಷೆಗೂ ಒಂದು ಆಧಾರವಿತ್ತು. ಚಿಕ್ಕ ಮಕ್ಕಳಿಗೆ ತಲೆ ದೊಡ್ಡದು, ತೋಳು ಗಿಡ್ಡ. ಆರರ ಹೊತ್ತಿಗೆ ತೋಳು ಉದ್ದವಾಗುತ್ತದೆ. ಆದರೆ ಅದು ಅಳೆದದ್ದು ತೋಳನ್ನಷ್ಟೇ. ಮುಟ್ಟಿದ ಕಿವಿಗೆ ಕೇಳಿಸುತ್ತದೆಯೇ ಎಂದು ಯಾರೂ ನೋಡಲಿಲ್ಲ.

ಶಾಲೆಗೆ ಮುಂಚಿನ ವರ್ಷಗಳಲ್ಲಿ ನಾವು ಕಲಿತದ್ದೆಲ್ಲ ಬೀದಿ, ಜಗಲಿಗಳ ಮೇಲೆ. ಒಂಟಿಕಾಲಲ್ಲಿ ಕುಂಟಲು ಬರುವವರೆಗೆ ಕುಂಟೆಬಿಲ್ಲೆಯಲ್ಲಿ ನಾವು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅಳಗುಳಿಮಣೆಯ ಗುಳಿಗಳಿಗೆ ಹುಣಸೆಬೀಜವನ್ನು ಒಂದೊಂದಾಗಿ ಬಿಡುತ್ತಾ ಎಣಿಕೆ ಬಂತು, ಬೆರಳೂ ಪಳಗಿತು. ಬೆಲ್ಲ, ಬೆಂಕಿಪೊಟ್ಟಣ ಎಂದು ಎರಡು ಸಾಮಾನನ್ನು ನೆನಪಿಟ್ಟುಕೊಂಡು ಅಂಗಡಿಯಿಂದ ತಂದರೆ ದೊಡ್ಡವನಾದ ಎನ್ನುತ್ತಿದ್ದರು. ಇವತ್ತು ಮಕ್ಕಳ ವೈದ್ಯರು ಕೇಳುವುದೂ ಬಹುಮಟ್ಟಿಗೆ ಇವನ್ನೇ. ಮೂರಕ್ಕೆ ಮಾತಿಗೆ ಮಾತು ಕೊಡುತ್ತದೆಯೇ, ಸೊನ್ನೆ ಸುತ್ತುತ್ತದೆಯೇ? ನಾಲ್ಕಕ್ಕೆ ದೊಡ್ಡ ಚೆಂಡು ಹಿಡಿಯುತ್ತದೆಯೇ, ಆ ದಿನ ನಡೆದದ್ದನ್ನು ಹೇಳುತ್ತದೆಯೇ? ಐದಕ್ಕೆ ಒಂಟಿಕಾಲಲ್ಲಿ ಜಿಗಿಯುತ್ತದೆಯೇ, ಹತ್ತರವರೆಗೆ ಎಣಿಸುತ್ತದೆಯೇ?

ಇದನ್ನೆಲ್ಲ ಮಾಡುತ್ತಿದ್ದ ಮಕ್ಕಳಿಗೆ ಆ ಕಾಲ ಚೆನ್ನಾಗಿಯೇ ಇತ್ತು. ಮಾಡಲಾಗದವರಿಗೆ ಇರಲಿಲ್ಲ. ನಮ್ಮ ಬೀದಿಯ ಕೊನೆಮನೆಯ ಹುಡುಗ ಓಟದಲ್ಲಿ ಎಲ್ಲರಿಗಿಂತ ಮುಂದು. ಮಾತು ಮಾತ್ರ ಇಲ್ಲ. ಅವನ ಅಜ್ಜಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ‘ಬುಡವ್ವ, ಅವ್ನ ಸೋದರಮಾವ್ನೂ ತಡವಾಗೇ ಮಾತು ಕಲ್ತದ್ದು’ ಎಂದು ನೆರೆಯವರು ಸಮಾಧಾನ ಹೇಳಿದರು. ನಾವು ಮಕ್ಕಳು ಅವನನ್ನು ಮೂಗ ಎಂದೇ ಕರೆದೆವು. ಹತ್ತರ ಸುಮಾರಿಗೆ ಬಂಧುವೊಬ್ಬರು ಮೈಸೂರಿಗೆ ಕರೆದೊಯ್ದಾಗ ಅವನಿಗೆ ಕಿವಿ ಕೇಳಿಸುವುದಿಲ್ಲವೆಂದು ತಿಳಿಯಿತು. ಮಾತು ಬೇರೂರುವ ವರ್ಷಗಳು ಅಷ್ಟರಲ್ಲಿ ಕಳೆದಿದ್ದವು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲೇ ಶುರುವಾಗಿತ್ತು. ಅಲ್ಲಿಗೆ ನಮ್ಮೂರಿಂದ ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ. ಮೂರನೇ ವರ್ಷದಲ್ಲೇ ‘ಇವನಿಗೆ ಕೇಳಿಸುತ್ತಾ?’ ಎಂದು ಕೇಳುವ ಒಬ್ಬರು ಊರಿನಲ್ಲಿ ಇರಲಿಲ್ಲ.

ಅಂಥವರೊಬ್ಬರನ್ನು ಪ್ರತಿ ಊರಿಗೂ ಕೊಟ್ಟದ್ದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ತಾಲ್ಲೂಕಿಗೇ. ಆಗ ಜನರ ಕಣ್ಣಿಗೆ ಆ ಯೋಜನೆಯ ಅಂಗನವಾಡಿ ಹಿಟ್ಟು, ಉಪ್ಪಿಟ್ಟು ಕೊಡುವ ಜಾಗವಷ್ಟೇ. ಈಗ ಟೀಚರ್ ತೂಕ, ಎತ್ತರವನ್ನು ಮೊಬೈಲಿಗೆ ಏರಿಸುತ್ತಾರೆ. ತಾಯಿ ಕಾರ್ಡಿನಲ್ಲಿ ಯಾವ ವಯಸ್ಸಿಗೆ ಮಗು ಏನು ಮಾಡಬೇಕೆಂದು ಚಿತ್ರಸಮೇತ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಬೆಳವಣಿಗೆಯ ವಿಳಂಬ ಅವರು ಹುಡುಕುವ ನಾಲ್ಕು ಬಗೆಯ ತೊಂದರೆಗಳಲ್ಲಿ ಒಂದು.

ಆದರೆ ಅಂದು ಇಲ್ಲದ ಧಾವಂತವೊಂದು ಇಂದು ಬಂದಿದೆ. ಮೂರು ವರ್ಷದ ಮಗುವಿಗೆ ಕಾಪಿ ಬರೆಯುವ ಹೋಂವರ್ಕ್ ಕೊಡುವ ನರ್ಸರಿಗಳನ್ನು ಬೆಂಗಳೂರಿನಲ್ಲಿ ಕಂಡಿದ್ದೇನೆ. ಆ ವಯಸ್ಸಿಗೆ ಮಣಿಕಟ್ಟಿನ ಮೂಳೆಗಳೇ ಪೂರ್ತಿ ಬಲಿತಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಮೂರು, ನಾಲ್ಕು ವರ್ಷದವರು ದಿನಕ್ಕೆ 180 ನಿಮಿಷವಾದರೂ ಮೈ ಆಡಿಸಬೇಕು; ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು. ಹಲವು ಮನೆಗಳಲ್ಲಿ ಇದು ತಿರುವುಮುರುವಾಗಿದೆ. ಪಕ್ಕದ ಮನೆಯ ಮಗು ಎಬಿಸಿಡಿ ಬರೆಯಿತೆಂದು ಕೊರಗುವ ತಂದೆತಾಯಿ, ತಮ್ಮ ಮಗು ಹೊಸಬರೊಡನೆ ಎರಡು ಮಾತಾಡುತ್ತದೆಯೇ ಎಂದು ನೋಡುವುದಿಲ್ಲ.

ಬೆಳವಣಿಗೆಯ ಪಟ್ಟಿ ಇರುವುದು ಮಕ್ಕಳಿಗೆ ರ‍್ಯಾಂಕ್ ಕೊಡಲು ಅಲ್ಲ, ಹಿಂದುಳಿದ ಮಗುವನ್ನು ಹೊತ್ತು ಮೀರುವ ಮುನ್ನ ಗುರುತಿಸಲು. 2022ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ಪಟ್ಟಿಯನ್ನು ತಿದ್ದಿದ್ದೂ ಇದಕ್ಕೇ. ಅರ್ಧದಷ್ಟು ಮಕ್ಕಳು ಮಾಡುವುದನ್ನು ಬಿಟ್ಟು, ನೂರಕ್ಕೆ 75 ಅಥವಾ ಹೆಚ್ಚು ಮಕ್ಕಳು ಆ ವಯಸ್ಸಿಗೆ ಮಾಡುವುದನ್ನು ಗುರುತಾಗಿ ಇಟ್ಟಿತು. ಅರ್ಧದಷ್ಟು ಮಕ್ಕಳಿಗೇ ಬಾರದಿದ್ದರೆ ‘ಇನ್ನೂ ಸ್ವಲ್ಪ ದಿನ ನೋಡೋಣ’ ಎನ್ನುವುದು ಸಹಜ. ಮುಕ್ಕಾಲು ಪಾಲು ಮಕ್ಕಳು ಮಾಡುವುದು ನಮ್ಮ ಮಗುವಿಗೆ ಬಾರದಿದ್ದರೆ ಕಾಯಲು ಕಾರಣವಿಲ್ಲ.

‘ರ’ ನಾಲಿಗೆಗೆ ಹತ್ತದ ನಾಲ್ಕು ವರ್ಷದ ಮಗುವಿಗೆ ಇನ್ನೂ ಸಮಯವಿದೆ. ಮೂರು ತುಂಬಿದರೂ ಮಗುವಿನ ಮಾತು ಹೊರಗಿನವರಿಗೆ ತಿಳಿಯದಿದ್ದರೆ, ಕರೆದರೆ ತಿರುಗದಿದ್ದರೆ, ಬಂದಿದ್ದ ಮಾತು ನಿಂತುಹೋದರೆ ಸೋದರಮಾವನ ಕತೆ ಬೇಡ. ಅಂಗನವಾಡಿ ಟೀಚರನ್ನು ಕೇಳಿ, ಕಿವಿ ಪರೀಕ್ಷೆ ಮಾಡಿಸಿ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದರೆ ಹೋಗುವುದು ಒಂದು ದಿನ. ಇದ್ದದ್ದು ತಿಳಿಯದೆ ಹೋದರೆ ಆ ವರ್ಷಗಳನ್ನು ಮಗುವಿಗೆ ಯಾರೂ ಮರಳಿ ಕೊಡಲಾರರು.