ಷಷ್ಠೀ ವಿಭಕ್ತಿಯೂ ಪ್ರಯಾಣದ ಗಂಟೂ

ಮನುಷ್ಯನು ಬರಿಗೈಯಲ್ಲಿ ಬಂದು ಬರಿಗೈಯಲ್ಲಿ ಹೋಗುವನೆಂದು ಹಿರಿಯರು ಹೇಳುವರು. ಆದರೆ ಈ ಬರವು ಹೋಗುವಿಕೆಗಳ ನಡುವೆ ಅವನು ಕೈಕೊಳ್ಳುವ ಯಾವ ಪ್ರಯಾಣವೂ ಬರಿಗೈಯಲ್ಲಿ ನಡೆಯುವುದಿಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ಗಾಡಿ ಮನೆಯದು. ಹುಲ್ಲಿನ ಮೇಲೆ ಜಮಖಾನ ಹಾಸಿ, ಅಜ್ಜಿಯನ್ನು ದಿಂಬಿಗೆ ಒರಗಿಸಿ, ಬಾಣಂತಿಯ ತೊಡೆಯ ಮೇಲೆ ಕೂಸನ್ನು ಮಲಗಿಸಿ, ಹಿಂದುಗಡೆ ಎರಡು ಹಲಸಿನ ಹಣ್ಣುಗಳನ್ನು ಕಟ್ಟಿ ಹೊರಟರೆ, ಮನೆಯ ನಾಯಿಯು ಗಾಡಿಯ ನೆರಳಿನಲ್ಲಿ ತಾನಾಗಿಯೇ ನಡೆದು ಬರುತ್ತಿತ್ತು. ಬಂಡಿಯು ಹತ್ತು ಮಂದಿಗೆ ಸೇರಿದ್ದಾದಾಗಲೇ ತಕ್ಕಡಿಯೂ ಅಳತೆಗೋಲೂ ಅದರೊಳಗೆ ಪ್ರವೇಶಿಸಿದುವು.

ಮೈಸೂರು ಸರ್ಕಾರವು 1948ನೆಯ ಇಸವಿಯ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ತನ್ನ ರಸ್ತೆ ಸಾರಿಗೆಯನ್ನು ಆರಂಭಿಸಿತು. ಬಹುಕಾಲದವರೆಗೂ ಇಂತಹ ಬಸ್ಸುಗಳ ನೆತ್ತಿಯೇ ಸಾಮಾನಿನ ಉಗ್ರಾಣವಾಗಿತ್ತು. ಬೈಸಿಕಲ್ಲು, ಕೋಳಿಯ ಪಂಜರ, ಬಾಳೆಗೊನೆ, ಮದುವೆಯ ಮನೆಯ ಹಂಡೆ, ಎಲ್ಲವೂ ಹಿಂದಿನ ಏಣಿಯನ್ನೇರಿ ಅಲ್ಲಿ ಸಹಪಂಕ್ತಿಯಲ್ಲಿ ಕುಳಿತು ಸಾಗುತ್ತಿದ್ದುವು. ಈಗ ನಿಯಮಗಳು ನಿಷ್ಕೃಷ್ಟವಾಗಿವೆ. ರೈಲಿನ ಶೀತಲ ಮೊದಲನೆಯ ದರ್ಜೆಯವನಿಗೆ 70 ಕಿಲೋಗ್ರಾಂ, ಶೀತಲ ಎರಡನೆಯ ದರ್ಜೆಯವನಿಗೆ 50, ಮಲಗುವ ಡಬ್ಬಿಯವನಿಗೆ 40, ಸಾಮಾನ್ಯ ಎರಡನೆಯ ದರ್ಜೆಯವನಿಗೆ 35 ಕಿಲೋಗ್ರಾಂ ಭಾರವು ಉಚಿತ. ಹೆಚ್ಚು ಹಣ ಕೊಟ್ಟವನಿಗೆ ಹೆಚ್ಚು ಗಂಟಿರುವುದೆಂಬುದು ಇದರ ತಾತ್ಪರ್ಯವಿರಬಹುದು. ರಾಜ್ಯದ ಸಾರಿಗೆ ಬಸ್ಸುಗಳಲ್ಲಿ 30 ಕಿಲೋಗ್ರಾಂ ಉಚಿತವೆಂದೂ, ಅದುವರೆಗೆ ಪೂರ್ಣ ಟಿಕೀಟು ತೆರುತ್ತಿದ್ದ ಸಾಕುನಾಯಿಗೆ ಇನ್ನು ಮೇಲೆ ಅರ್ಧ ಟಿಕೀಟೇ ಸಾಕೆಂದೂ 2022ರಲ್ಲಿ ನಿಯಮವಾಯಿತು. 2024ರ ಮಾರ್ಚಿಯಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಒಬ್ಬ ಅಜ್ಜಿಯೂ ಮೊಮ್ಮಗಳೂ ಶಕ್ತಿ ಯೋಜನೆಯಂತೆ ಕಾಸಿಲ್ಲದೆ ಪ್ರಯಾಣ ಮಾಡಿದರು. ಅವರೊಡನಿದ್ದ ನಾಲ್ಕು ಗಿಳಿಗಳಿಗೆ ಮಾತ್ರ ತಲೆಗೆ 111 ರೂಪಾಯಿಯಂತೆ 444 ರೂಪಾಯಿಗಳ ಟಿಕೀಟಾಯಿತು. ಕಂಡವರು ನಕ್ಕರು, ಆದರೆ ಗಿಳಿಯನ್ನು ಮೂಟೆಯೆಂದು ತೂಗದೆ ಮಗುವೆಂದು ಎಣಿಸಿದ ಆ ನಿಯಮದಲ್ಲಿ ಒಂದು ಬಗೆಯ ವಿವೇಕವೂ ಇದ್ದಿತು.

ಪಾಠಶಾಲೆಯಲ್ಲಿ ಬಾಲಕರಿಗೆ ಷಷ್ಠೀ ವಿಭಕ್ತಿಯನ್ನು ಹೇಳಿಕೊಡುವಾಗ ಪಂಡಿತರು ಮೂರು ಉದಾಹರಣೆಗಳನ್ನು ಕೊಡುವುದುಂಟು. ದೇವದತ್ತನ ಗಂಟು, ದೇವದತ್ತನ ಮಗು, ದೇವದತ್ತನ ಕಾಲು. ಮೂರರಲ್ಲಿಯೂ ಪ್ರತ್ಯಯವೊಂದೇ, ಸಂಬಂಧ ಮಾತ್ರ ಬೇರೆ ಬೇರೆ. ಮೊದಲನೆಯದು ಸ್ವಸ್ವಾಮಿಭಾವ, ಎಂದರೆ ಒಡವೆಗೂ ಒಡೆಯನಿಗೂ ಇರುವ ಸಂಬಂಧ. ಎರಡನೆಯದು ಜನ್ಯಜನಕಭಾವ. ಮೂರನೆಯದು ಅವಯವಾವಯವಿಭಾವ, ಅಂಗಕ್ಕೂ ಅಂಗಿಗೂ ಇರುವ ಸಂಬಂಧ. ಗಂಟನ್ನು ಬಿಟ್ಟು ದೇವದತ್ತನು ಊರಿಗೆ ಹೋಗಬಲ್ಲನು. ಮಗುವನ್ನು ಬಿಟ್ಟು ಹೋಗಲಾರನು. ಕಾಲನ್ನು ಬಿಟ್ಟು ಹೋಗುವೆನೆಂಬ ಮಾತಿಗೆ ಅರ್ಥವೇ ಇಲ್ಲ. ನಾಯಿಯನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದು ಹಳೆಯ ಚರ್ಚೆ. ಮಹಾಪ್ರಸ್ಥಾನಿಕ ಪರ್ವದಲ್ಲಿ ಇಂದ್ರನು ರಥವನ್ನು ತಂದು ನಿಲ್ಲಿಸಿ ನಾಯಿಯನ್ನು ಬಿಟ್ಟು ಹತ್ತೆಂದಾಗ, ಧರ್ಮರಾಯನು ಸ್ವರ್ಗವನ್ನಾದರೂ ಬಿಟ್ಟೇನು, ಇದನ್ನು ಬಿಡೆನೆಂದನು. ಹಾಗಾದರೆ ಗಾಲಿಕುರ್ಚಿಯು ಯಾವ ಷಷ್ಠಿ?

ಬೀರೂರಿನ ಕಡೆಯ ಒಬ್ಬ ವೃದ್ಧೆಯ ಪ್ರಯಾಣದಲ್ಲಿ ಈ ಪ್ರಶ್ನೆಯು ಪುಸ್ತಕದಿಂದ ಹೊರಕ್ಕೆ ಬಂದಿತು. ಪಾರ್ಶ್ವವಾಯುವಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲದ ಆಕೆಗೆ ಬೆಂಗಳೂರಿನಲ್ಲಿ ಮೊಮ್ಮಗಳ ಕೂಸಿನ ನಾಮಕರಣವನ್ನು ನೋಡಬೇಕೆಂಬ ಆಸೆ. ಮಗನೂ ಸೊಸೆಯೂ ಒಪ್ಪಿ ಬಸ್ಸಿಗೆ ಕರೆತಂದರು. ಬಾಗಿಲು ಇಕ್ಕಟ್ಟು, ಮೆಟ್ಟಿಲು ಎತ್ತರ. ಇಬ್ಬರು ಆಕೆಯನ್ನು ಕಂಕುಳಿಗೆ ಕೈಕೊಟ್ಟು ಎತ್ತಿದರು. ಸೆರಗು ಜಾರಿತು. ನಿಲ್ದಾಣದಲ್ಲಿದ್ದವರೆಲ್ಲರೂ ನೋಡಿದರು. “ಮೂಟೆಯ ಹಾಗೆ ಎತ್ತಬೇಡಿರಪ್ಪಾ” ಎಂದು ಆಕೆ ಮೆಲ್ಲಗೆ ಹೇಳಿದ್ದು ಮಗನೊಬ್ಬನಿಗೆ ಕೇಳಿಸಿತು. ಕಂಡಕ್ಟರು ಒಳ್ಳೆಯವನೇ, ಕುರ್ಚಿಗೆ ಲಗೇಜು ಟಿಕೀಟು ಕೇಳಲಿಲ್ಲ. “ಒಳಗೆ ಜಾಗವಿಲ್ಲ ಸ್ವಾಮಿ, ಮಡಿಚಿ ಡಿಕ್ಕಿಗೆ ಹಾಕಿಬಿಡಿ” ಎಂದನು. ಅದರ ಮೇಲೆ ಇತರರ ಪೆಟ್ಟಿಗೆಗಳೂ ಅಕ್ಕಿಯ ಚೀಲಗಳೂ ಬಿದ್ದುವು.

ತಿಪಟೂರನ್ನು ದಾಟಿದ ಮೇಲೆ ಒಂದು ಹೋಟೆಲಿನ ಮುಂದೆ ಬಸ್ಸು ನಿಂತಿತು. ಎಲ್ಲರೂ ಕಾಫಿಗೆಂದು ಇಳಿದರು. ಆಕೆ ಮಾತ್ರ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದರು. ಕಾಲುಗಳು ಕೆಳಗೆ ಡಿಕ್ಕಿಯಲ್ಲಿ ಬೀಗದೊಳಗಿದ್ದುವು. ಸೊಸೆ ಕಾಫಿ ತಂದರೆ ಬೇಡವೆಂದರು. ನೀರೂ ಬೇಡವೆಂದರು. ಆಗ ಸೊಸೆಗೆ ತಿಳಿಯಿತು: ದಾರಿಯಲ್ಲಿ ಇಳಿಯಬೇಕಾದ ಅವಸರ ಬರಬಾರದೆಂದು ಅತ್ತೆಯವರು ಮುಂಜಾನೆಯಿಂದಲೇ ಒಂದು ತೊಟ್ಟು ನೀರನ್ನೂ ಮುಟ್ಟಿರಲಿಲ್ಲ.

ನಾಮಕರಣವು ಚೆನ್ನಾಗಿ ನಡೆಯಿತು. ಮೊಮ್ಮಗಳು ಅಜ್ಜಿಯ ದಾರಿಯ ಕಥೆಯನ್ನು ಕೇಳಿ, ತನ್ನದೂ ಅದೇ ಕಥೆಯೆಂದಳು. ಕೂಸಿಗೆಂದು ತಂದ ತಳ್ಳುಗಾಡಿಯು ಮನೆಯ ಮೂಲೆಯಲ್ಲಿಯೇ ಇದೆ; ಬಸ್ಸಿನ ಮೆಟ್ಟಿಲು ಹತ್ತಿಸಲಾಗದೆ ಕೂಸನ್ನು ಎದೆಗೆ ಕಟ್ಟಿಕೊಂಡೇ ಓಡಾಡಬೇಕು. ಇದರಲ್ಲಿ ರಹಸ್ಯವೇನೂ ಇಲ್ಲ. ಸಾಧಾರಣ ಬಸ್ಸಿನ ನೆಲವು ರಸ್ತೆಯಿಂದ ಸುಮಾರು 900 ಮಿಲಿಮೀಟರು ಎತ್ತರದಲ್ಲಿರುತ್ತದೆ. ತಗ್ಗುನೆಲದ ಬಸ್ಸಿನಲ್ಲಿ ಅದು ಸುಮಾರು 400. ಅಜ್ಜಿಯ ಮಾನವೂ ಕೂಸಿನ ನಿದ್ರೆಯೂ ಈ ಅರ್ಧ ಮೀಟರಿನಲ್ಲಿ ಅಡಗಿವೆ. ಹಿಂತಿರುಗುವ ದಿನ ಮೊಮ್ಮಗಳು ಅಜ್ಜಿಯನ್ನು ಮೆಟ್ರೋ ರೈಲಿನಲ್ಲಿ ಯಶವಂತಪುರಕ್ಕೆ ಕರೆದೊಯ್ದಳು. ಅಲ್ಲಿ ಎತ್ತುಯಂತ್ರವುಂಟು, ಜಗಲಿಯ ಮಟ್ಟಕ್ಕೆ ಡಬ್ಬಿಯ ನೆಲವುಂಟು, ಗಾಲಿಕುರ್ಚಿಗೆಂದು ಗುರುತು ಮಾಡಿದ ಸ್ಥಳವೂ ಉಂಟು. ಕುರ್ಚಿಯು ಮನೆಯ ಹಜಾರದಿಂದ ನಡುಮನೆಗೆ ಹೋಗುವಂತೆ ಉರುಳಿ ಒಳಕ್ಕೆ ಹೋಯಿತು. ಯಾರೂ ಎತ್ತಲಿಲ್ಲ, ಆದುದರಿಂದ ಯಾರೂ ನೋಡಲೂ ಇಲ್ಲ.

ಆದರೆ ಸ್ಥಳವೊಂದೇ ಇದ್ದು, ಕುರ್ಚಿಯೂ ತಳ್ಳುಗಾಡಿಯೂ ಎರಡೂ ಬಂದರೆ ಏನು ಗತಿ? ತಗ್ಗುನೆಲದ ಬಸ್ಸುಗಳು ರೂಢಿಯಾಗಿರುವ ಇಂಗ್ಲೆಂಡಿನಲ್ಲಿ ಈ ವಿವಾದವು ಆ ದೇಶದ ಸರ್ವೋಚ್ಚ ನ್ಯಾಯಸ್ಥಾನದವರೆಗೂ ಹೋಯಿತು. 2012ರ ಫೆಬ್ರವರಿ 24ರಂದು ವೆದರ್ಬಿ ಎಂಬ ಪಟ್ಟಣದಲ್ಲಿ ಗಾಲಿಕುರ್ಚಿಯ ಪ್ರಯಾಣಿಕನೊಬ್ಬನು ಲೀಡ್ಸ್ ನಗರದ ಬಸ್ಸನ್ನು ಹತ್ತಬಂದನು. ಕುರ್ಚಿಗಾಗಿ ಬಿಟ್ಟ ಸ್ಥಳದಲ್ಲಿ ನಿದ್ರಿಸುತ್ತಿದ್ದ ಕೂಸಿನ ತಳ್ಳುಗಾಡಿಯಿದ್ದಿತು. ಚಾಲಕನು ಕೇಳಿಕೊಂಡನು, ಗಾಡಿ ಮಡಿಚಲು ಬಾರದೆಂದು ತಾಯಿಯು ಒಪ್ಪಲಿಲ್ಲ. ಆ ಪ್ರಯಾಣಿಕನು ಮುಂದಿನ ಬಸ್ಸಿಗೆ ಕಾದು, ಲೀಡ್ಸಿನಲ್ಲಿ ರೈಲನ್ನು ತಪ್ಪಿಸಿಕೊಂಡು, ತಂದೆತಾಯಿಗಳೊಡನೆ ಉಣ್ಣಬೇಕಾಗಿದ್ದ ಊಟಕ್ಕೆ ತಡವಾಗಿ ತಲುಪಿದನು. ಏಳು ಮಂದಿ ನ್ಯಾಯಾಧಿಪತಿಗಳು 2017ರ ಜನವರಿ 18ರಂದು ತೀರ್ಪಿತ್ತರು. ಚಾಲಕನು ಒಮ್ಮೆ ಕೇಳಿ ಸುಮ್ಮನಾಗುವುದು ಸಾಲದು. ಸಕಾರಣವಿಲ್ಲದೆ ನಿರಾಕರಿಸುವವರನ್ನು ಇನ್ನಷ್ಟು ಒತ್ತಾಯಪಡಿಸುವುದನ್ನೂ, ಕೆಲವು ನಿಮಿಷ ಬಸ್ಸನ್ನು ನಿಲ್ಲಿಸುವುದನ್ನೂ ಅವನು ಆಲೋಚಿಸಬೇಕೆಂದರು. ಆದರೆ ಒಪ್ಪದವರನ್ನು ಇಳಿಸಿಯೇ ತೀರಬೇಕೆಂದು ವಿಧಿಸಲಿಲ್ಲ. ಕೊನೆಯ ಹೆಜ್ಜೆಯನ್ನು ನ್ಯಾಯಸ್ಥಾನವು ಸಹಪ್ರಯಾಣಿಕರ ಮನಸ್ಸಿಗೇ ಬಿಟ್ಟಿತು.

ಭಾರತದಲ್ಲಿಯೂ ಶಾಸನವಿಲ್ಲವೆಂದಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಬಸ್ಸು ನಿಲ್ದಾಣ, ರೈಲು ನಿಲ್ದಾಣ, ವಾಹನ ಇವೆಲ್ಲವೂ ಇಂಥವರಿಗೆ ಸುಗಮವಾಗಬೇಕೆಂದು ಅದು ಹೇಳುತ್ತದೆ. ಅನೇಕ ದೂರದ ರೈಲುಗಳ ಕೊನೆಯಲ್ಲಿ ಇವರಿಗಾಗಿ ಅಗಲವಾದ ಬಾಗಿಲಿನ ವಿಭಾಗವೂ ಇರುತ್ತದೆ. ಆ ಡಬ್ಬಿಯಲ್ಲಿಯೇ ಗಾರ್ಡಿನ ಸ್ಥಾನವೂ ಸಾಮಾನಿನ ಕೋಣೆಯೂ ಇರುವುವು. ಮೊದಲನೆಯ ದರ್ಜೆಯ ಇಡೀ ಕೋಣೆಯನ್ನು ಕಾದಿರಿಸಲಾರದವರ ನಾಯಿಯು ಪೆಟ್ಟಿಗೆಯೊಳಗೆ ಹೋಗುವುದೂ ಗಾರ್ಡಿನ ಡಬ್ಬಿಯಲ್ಲಿಯೇ. ಕಾಲು, ಗಂಟು, ನಾಯಿ ಮೂರೂ ಒಂದೇ ಸೂರಿನಡಿಯಲ್ಲಿ! ಜೋಡಿಸಿದವರಿಗೆ ಅದು ಅನುಕೂಲವಾಗಿರಬೇಕು. ಷಷ್ಠಿಯ ಭೇದವು ಅವರ ನೆನಪಿಗೆ ಬಂದಿರಲಾರದು.

ಯಶವಂತಪುರದಲ್ಲಿ ಆ ವಿಭಾಗದ ಬಾಗಿಲಿಗೆ ಬಂದಾಗ, ಕುರ್ಚಿ ನಿಲ್ಲಬೇಕಾದ ಕಡೆ ನಾಲ್ಕು ದೊಡ್ಡ ಬಟ್ಟೆಯ ಮೂಟೆಗಳಿದ್ದುವು. ಸಂತೆಯಿಂದ ಸಂತೆಗೆ ತಿರುಗುವ ವ್ಯಾಪಾರಿಯೊಬ್ಬನು ಅವುಗಳಿಗೆ ಒರಗಿ ಕುಳಿತಿದ್ದನು. ಮಗನು ಸಿಟ್ಟಾದನು, ಇದು ಮೀಸಲು ಸ್ಥಳ, ಗಾರ್ಡನ್ನು ಕರೆಯುವೆನೆಂದನು. “ಬೇರೆ ಡಬ್ಬಿಯಲ್ಲಿ ಹತ್ತಿಸಗೊಡುವುದಿಲ್ಲ ಸ್ವಾಮಿ, ಇಳಿಸಿದರೆ ನಾಳೆಯ ಸಂತೆ ಹೋಯಿತು” ಎಂದು ಅವನು ಏಳದೆ ಕುಳಿತನು. ಇಬ್ಬರಲ್ಲಿಯೂ ಸುಳ್ಳಿರಲಿಲ್ಲ.

“ಬಿಡು ಮಗು” ಎಂದರು ತಾಯಿ. ಬಳಿಕ ವ್ಯಾಪಾರಿಯ ಕಡೆಗೆ ತಿರುಗಿ, “ಅಪ್ಪಾ, ನಿನ್ನ ಗಂಟು ನಿನ್ನ ಹೊಟ್ಟೆಪಾಡು, ಅದನ್ನು ಇಳಿಸೆನ್ನುವುದಿಲ್ಲ. ಈ ಕುರ್ಚಿ ನನ್ನ ಕಾಲು. ಕಾಲು ಇಡುವಷ್ಟು ಜಾಗ ಮಾಡಿಕೊಡು” ಎಂದರು.

ಅವನು ಒಂದು ಗಳಿಗೆ ಕುರ್ಚಿಯನ್ನು ನೋಡಿದನು. ಎರಡು ಮೂಟೆಗಳನ್ನು ಪೀಠದ ಕೆಳಕ್ಕೆ ನೂಕಿ, ಒಂದನ್ನು ಮೇಲಿನ ಹಲಗೆಗೆ ಏರಿಸಿ, ಇನ್ನೊಂದರ ಮೇಲೆ ತಾನೇ ಕುಳಿತನು. ಅನಂತರ ಕೆಳಗಿಳಿದು, “ಎತ್ತಿಕೊಳ್ಳಬೇಡಿ, ಅಮ್ಮನವರು ಕುಳಿತ ಹಾಗೆಯೇ ಕುರ್ಚಿಯನ್ನು ಹಿಡಿಯೋಣ” ಎಂದನು. ಅವನೂ ಮಗನೂ ಎರಡು ಕಡೆ ಹಿಡಿದು ಆಕೆಯನ್ನು ಕುರ್ಚಿಯ ಸಮೇತ ಒಳಗಿರಿಸಿದರು. ಸೆರಗು ಜಾರಲಿಲ್ಲ.

ಮೂಟೆಗೂ ಕಾಲಿಗೂ ಇರುವ ವ್ಯತ್ಯಾಸವನ್ನು ಅವನು ವ್ಯಾಕರಣದಿಂದ ಕಲಿತವನಲ್ಲ. ಹಾಗೆಂದು ನೆಲವನ್ನು ತಗ್ಗಿಸುವ ಕೆಲಸವನ್ನು ಅಂಥವರ ಸೌಜನ್ಯಕ್ಕೆ ಬಿಟ್ಟು ಕೈತೊಳೆಯುವುದೂ ಸಲ್ಲದು. ಮೆಟ್ರೋದಲ್ಲಿ ಯಾರ ದಯೆಯೂ ಬೇಕಾಗಿರಲಿಲ್ಲ. ನೆಲವು ತಗ್ಗುವವರೆಗೆ ದಯೆ ಬೇಕು. ತಗ್ಗಿದ ಮೇಲೂ, ಸ್ಥಳವೊಂದೇ ಇರುವಲ್ಲಿ, ತುಸು ಸರಿದು ಕುಳಿತುಕೊಳ್ಳುವ ಮನಸ್ಸು ಬೇಕು.

ಬಂಡಿಯು ತುಮಕೂರನ್ನು ಬಿಟ್ಟ ಮೇಲೆ ಆಕೆ ವಿಭಾಗದ ಇನ್ನೊಂದು ಕೊನೆಯನ್ನು ನೋಡಿದರು. ಶೌಚಗೃಹದ ಬಾಗಿಲು ಅಗಲವಾಗಿತ್ತು, ಗೋಡೆಗೆ ಹಿಡಿಗಳಿದ್ದುವು, ಅಲ್ಲಿಯವರೆಗೆ ಕುರ್ಚಿಗೆ ದಾರಿಯೂ ತೆರವಾಗಿತ್ತು. ಆಗ ಆಕೆ ಸೊಸೆಯ ಕಡೆಗೆ ಕೈ ನೀಡಿ, ಕುಡಿಯುವುದಕ್ಕೆ ಸ್ವಲ್ಪ ನೀರು ಕೊಡಮ್ಮಾ ಎಂದು ಕೇಳಿದರು.